ಶಂಕೆಯ ಎಲ್ಲೆ

ಸರ್ಕಾರವು ತನ್ನ ಪ್ರಜೆಗಳನ್ನೇ ಶಂಕಿಸುವುದು ನ್ಯಾಯವೇ? ಅವಸರದ ಉತ್ತರ ಸಲ್ಲದು. 1995ರಲ್ಲಿ ಅಮೆರಿಕದ ಒಕ್ಲಹೋಮ ನಗರದಲ್ಲಿ ಬಾಂಬ್ ಸಿಡಿಸಿ, 19 ಮಕ್ಕಳೂ ಸೇರಿ 168 ಜನರನ್ನು ಕೊಂದವನು ಪರದೇಶಿಯಲ್ಲ. ಆ ದೇಶದ್ದೇ ಮಾಜಿ ಸೈನಿಕ.

2009ರ ಏಪ್ರಿಲ್‌ನಲ್ಲಿ ಅಲ್ಲಿನ ಆಂತರಿಕ ಭದ್ರತಾ ಇಲಾಖೆಯ ವಿಶ್ಲೇಷಕರು, ಯುದ್ಧದಿಂದ ಮರಳಿದ ಸೈನಿಕರನ್ನು ಬಲಪಂಥೀಯ ಉಗ್ರರು ಸೆಳೆಯಲೆತ್ನಿಸಬಹುದೆಂದು ಎಚ್ಚರಿಸಿದರು. ಮಾಜಿ ಸೈನಿಕರು ನೊಂದುಕೊಂಡರು, ಅದು ಸಹಜವೇ. ಸಚಿವೆ ಕ್ಷಮೆ ಯಾಚಿಸಿದರು, ವರದಿಯನ್ನು ಹಿಂದಕ್ಕೆ ಪಡೆಯಲಾಯಿತು. 2012ರಲ್ಲಿ ಓಕ್ ಕ್ರೀಕ್ ಗುರುದ್ವಾರದ ಭಕ್ತರ ಮೇಲೆ ಗುಂಡು ಹಾರಿಸಿದವನು ಹಿಂದೆ ಸೈನ್ಯದಲ್ಲಿದ್ದ ಬಿಳಿಯ ಜನಾಂಗವಾದಿ. ವರದಿ ಉಳಿದಿದ್ದರೆ ಅವನನ್ನು ತಡೆಯಬಹುದಿತ್ತೆಂದು ನಾನು ಹೇಳಲಾರೆ. ಆದರೆ ಅದರಲ್ಲಿದ್ದ ಭಯ ಕಲ್ಪಿತವಾಗಿರಲಿಲ್ಲ.

ಇನ್ನೊಂದು ಪ್ರಕರಣ ನಮಗೆ ಹತ್ತಿರದ್ದು. 2023ರಲ್ಲಿ ಎಫ್‌ಬಿಐನ ರಿಚ್ಮಂಡ್ ಕಚೇರಿಯ ಟಿಪ್ಪಣಿಯೊಂದು ಲತೀನ್ ಬಲಿಪೂಜೆಗೆ ಅಂಟಿಕೊಂಡ ಕೆಲವು ಕಥೋಲಿಕರನ್ನು ಉಗ್ರವಾದದೊಡನೆ ತಳುಕುಹಾಕಿತು. ಅದು ಹುಟ್ಟಿದ್ದು ಒಬ್ಬನೇ ಆರೋಪಿಯ ಪ್ರಕರಣದಿಂದ! ಅದನ್ನೂ ಹಿಂದಕ್ಕೆ ಪಡೆಯಲಾಯಿತು. ದುರುದ್ದೇಶ ಕಾಣಲಿಲ್ಲ, ಆದರೆ ವಿಶ್ಲೇಷಣೆಯ ನಿಯಮ ಪಾಲನೆಯಾಗಿಲ್ಲವೆಂದು 2024ರ ಪರಿಶೀಲನೆ ಹೇಳಿತು.

ಹಾಗಾದರೆ ಎಲ್ಲೆ ಯಾವುದು? ಸ್ಫೋಟಕ ಕೊಂಡವನ, ಕೊಲ್ಲುವೆನೆಂದವನ ಬೆನ್ನು ಹತ್ತುವುದು ಅಧಿಕಾರಿಯ ಕರ್ತವ್ಯ. ಯಾವ ಭಾಷೆಯಲ್ಲಿ ಪ್ರಾರ್ಥಿಸುತ್ತಾನೆಂಬುದು ಅಪರಾಧದ ಸುಳಿವಲ್ಲ. ಒಬ್ಬನ ಪಾಪವನ್ನು ಅವನೊಡನೆ ಮೊಣಕಾಲೂರಿದವರೆಲ್ಲರ ಮೇಲೆ ಹೊರಿಸುವುದು ದುಡುಕಿನ ತೀರ್ಪು. ಆ ಟಿಪ್ಪಣಿಯಿಂದ ನಾವು ನೊಂದೆವು, ಸರಿ. 2001ರ ನಂತರ ನ್ಯೂಯಾರ್ಕ್ ಪೊಲೀಸರು ವರ್ಷಗಟ್ಟಲೆ ಮಸೀದಿಗಳೊಳಗೆ ಗುಪ್ತವಾಗಿ ಕಿವಿಗೊಟ್ಟಿದ್ದಾಗ ನಮ್ಮಲ್ಲಿ ಎಷ್ಟು ಮಂದಿಗೆ ಇದೇ ನೋವಾಯಿತು?