ಕನಿಷ್ಠ ಕೂಲಿ ಯಾರ ಹೊಣೆ?

ಕನಿಷ್ಠ ಕೂಲಿ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ಫ್ಯಾಕ್ಟರಿ, ಅದರ ಗೇಟು, ಬಾವುಟ, ಮುಷ್ಕರ. ಇದು ಪೇಟೆಯವರ ವಿಷಯ, ಯೂನಿಯನಿನವರ ವಿಷಯ, ಹಳ್ಳಿಯವರಾದ ನಮಗೆ ಇದರಲ್ಲಿ ಏನುಂಟು ಎಂದು ಕೇಳುವವರಿದ್ದಾರೆ. ದೇಲಂಪಾಡಿಯಲ್ಲಿ ಹೇಳಿಕೊಳ್ಳುವಂಥ ಫ್ಯಾಕ್ಟರಿ ಇಲ್ಲ, ನಿಜ. ಆದರೆ ಸ್ವಲ್ಪ ಎಣಿಸಿ ನೋಡೋಣ. ಅಂಗನವಾಡಿಯ ಟೀಚರ್ ಮತ್ತು ಸಹಾಯಕಿ, ಶಾಲೆಯಲ್ಲಿ ಮಧ್ಯಾಹ್ನದ ಅಡುಗೆ ಮಾಡುವ ಅಕ್ಕ, ಮನೆ ಮನೆಗೆ ಬರುವ ಆಶಾ ಕಾರ್ಯಕರ್ತೆ, ಪ್ಲಾಸ್ಟಿಕ್ ಕೊಂಡುಹೋಗುವ ಹರಿತ ಕರ್ಮ ಸೇನೆಯವರು, ಮುಳ್ಳೇರಿಯದ ಅಂಗಡಿಯಲ್ಲೋ ಸುಳ್ಯದ ಹೋಟೆಲಿನಲ್ಲೋ ದುಡಿಯಲು ಬೆಳಗ್ಗೆ ಬಸ್ಸು ಹತ್ತುವ ಮಕ್ಕಳು. ಇವರಲ್ಲಿ ಒಬ್ಬರಾದರೂ ಇಲ್ಲದ ಕುಟುಂಬ, ಇವರ ಕೈಯ ಕೆಲಸ ಬೇಡವಾದ ಕುಟುಂಬ ನಮ್ಮ ಪಂಚಾಯತಿನಲ್ಲಿ ಎಷ್ಟಿದ್ದೀತು? ಹಾಗಾಗಿ ಇದು ನಮ್ಮದೇ ವಿಷಯ.

ಮೊದಲು ಎಲ್ಲರಿಗೂ ಗೊತ್ತಿರುವ ಒಂದು ಉದಾಹರಣೆಯಿಂದ ಹೊರಡುವ. ಹರಿತ ಕರ್ಮ ಸೇನೆಯವರು ತಿಂಗಳಿಗೊಮ್ಮೆ ಬಂದು ಮನೆಯ ಪ್ಲಾಸ್ಟಿಕ್ ತೆಗೆದುಕೊಂಡು ಹೋಗುತ್ತಾರೆ. ಮನೆಯೊಂದಕ್ಕೆ 50 ರೂಪಾಯಿ. "ತೊಳೆದು ಒಣಗಿಸಿ ಕಟ್ಟಿಡುವುದು ನಾವು, ಮತ್ತೆ ಅವರಿಗೆ ಐವತ್ತು ರೂಪಾಯಿ ಬೇರೆ ಯಾಕೆ ಮಾರಾಯ್ರೆ?" ಎಂಬ ಮಾತು ಅಂಗಡಿ ಜಗಲಿಯಲ್ಲಿ ಆಗಾಗ ಕೇಳುತ್ತದೆ. ಒಂದು ಲೆಕ್ಕ ಹಾಕುವ. ಒಂದು ವಾರ್ಡಿನಲ್ಲಿ 400 ಮನೆ ಇದೆ ಎಂದು ಇಟ್ಟುಕೊಳ್ಳಿ, ಇಬ್ಬರು ಹೆಂಗಸರು. ಎಲ್ಲರೂ ತಪ್ಪದೆ ಕೊಟ್ಟರೆ 20,000 ರೂಪಾಯಿ, ತಲೆಗೆ 10,000. ಕಾಲು ಭಾಗ ಮನೆಯವರು "ಬರುವ ತಿಂಗಳು ನೋಡುವ" ಎಂದರೆ ತಲೆಗೆ 7,500. ವಾಹನದ ಖರ್ಚು ಕಳೆದರೆ ಇನ್ನೂ ಕಡಿಮೆ. ನಮ್ಮ ಊರಿನ ಮನೆಗಳು ಪೇಟೆಯಂತೆ ಒಂದರ ಪಕ್ಕ ಒಂದಿಲ್ಲ. ಒಂದು ಗುಡ್ಡದ ಮೇಲೆ, ಇನ್ನೊಂದು ತೋಟದಾಚೆ. ಮಳೆಗಾಲದಲ್ಲಿ ಚೀಲ ಹೊತ್ತು ಆ ದಾರಿಯಲ್ಲಿ ನಡೆಯುವವರಿಗೆ ನಾವು ಕೊಡುವುದು ದಿನಕ್ಕೆ ಎರಡು ರೂಪಾಯಿಯೂ ಅಲ್ಲ.

ಇಲ್ಲಿ ಧಣಿ ಯಾರು? ಪಂಚಾಯತು ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಆ ಕೆಲಸದ ಕೂಲಿ ಬರುವುದು ನಮ್ಮ ಕಿಸೆಯಿಂದ. ನಾವು ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಕೂಲಿ ಕಡಿಮೆಯಾಯಿತು ಎಂದು ಬೇರೆಯವರನ್ನು ಬೈಯುವಾಗ ಈ ಲೆಕ್ಕದಲ್ಲಿ ನಾವೇ ಧಣಿಗಳು ಎಂಬುದು ಮರೆತುಹೋಗುತ್ತದೆ. ಕಡಿಮೆ ಸಂಬಳದ ಸೇವಾ ಕೆಲಸಗಳ ಪ್ರಶ್ನೆ ಬೇರೆ ಕೂಲಿಯ ಪ್ರಶ್ನೆಗಿಂತ ತುಸು ಕಷ್ಟದ್ದಾಗುವುದು ಇದೇ ಕಾರಣಕ್ಕೆ. ಇಲ್ಲಿ ಕೆಲಸ ಕೊಡುವವರೂ ಕೆಲಸದ ಫಲ ಪಡೆಯುವವರೂ ಹೆಚ್ಚಾಗಿ ನಮ್ಮಂಥವರೇ.

ಈ ಚರ್ಚೆಯಲ್ಲಿ ಮೊದಲು ಬರುವ ಮಾತು: "ಅವಳು ಒಪ್ಪಿಯೇ ಬಂದದ್ದಲ್ಲವಾ? ಯಾರೂ ಕಟ್ಟಿ ಎಳೆದು ತರಲಿಲ್ಲ." ಒಪ್ಪಿಗೆ ಎಂಬುದು ದೊಡ್ಡ ಮಾತು. ಆದರೆ ಒಪ್ಪದೆ ಇದ್ದರೆ ಏನಾಗುತ್ತಿತ್ತು ಎಂದು ಕೇಳದೆ ಒಪ್ಪಿಗೆಯ ತೂಕ ಗೊತ್ತಾಗುವುದಿಲ್ಲ. ನಮ್ಮ ಹಿರಿಯರ ಕಾಲದಲ್ಲಿ ಮೂಲದಾಳುಗಳು ಇದ್ದರು. ಅವರೂ ಪ್ರತಿದಿನ ತಾವಾಗಿಯೇ ಗದ್ದೆಗೆ ಬರುತ್ತಿದ್ದರು. ಬರದೆ ಇರುವ ದಾರಿ ಅವರಿಗೆ ಇರಲಿಲ್ಲ, ಅಷ್ಟೆ. 1982ರಲ್ಲಿ ದಿಲ್ಲಿಯ ಏಷ್ಯಾಡ್ ಕ್ರೀಡಾಕೂಟದ ಕಟ್ಟಡ ಕೆಲಸಗಾರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದೇ ಪ್ರಶ್ನೆಯನ್ನು ಎತ್ತಿಕೊಂಡಿತು. ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ತೀರ್ಪಿನ ತಾತ್ಪರ್ಯ ಹೀಗೆ: ಹಸಿವು, ಬಡತನ ಕೂಡ ಒಂದು ಬಲವಂತವೇ. ಕನಿಷ್ಠ ಕೂಲಿಗಿಂತ ಕಡಿಮೆಗೆ ಒಬ್ಬರು ದುಡಿಯುತ್ತಾರೆಂದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ. ನಾವು ಬಿಟ್ಟಿ ಚಾಕರಿ ಎನ್ನುವುದಕ್ಕೂ ಇದಕ್ಕೂ ದೂರ ಇಲ್ಲ.

ಹಾಗಾದರೆ ಎಷ್ಟು ಕೊಟ್ಟರೆ ಸಾಕು? ಮನಸ್ಸಿಗೆ ತೋಚಿದ ಅಂಕಿ ಹೇಳುವುದು ನ್ಯಾಯ ಆಗುವುದಿಲ್ಲ. ದೇಶದಲ್ಲಿ ಇದಕ್ಕೆ ಒಂದು ಅಳತೆ ಉಂಟು. ಕನಿಷ್ಠ ವೇತನ ಕಾಯ್ದೆ ಬಂದದ್ದು 1948ರಲ್ಲಿ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಲೆಕ್ಕದ ಕ್ರಮವನ್ನು ಹೇಳಿತು. ಒಬ್ಬ ದುಡಿಯುವವನ ಕುಟುಂಬವನ್ನು ಮೂರು ಪೂರ್ಣ ಊಟದವರೆಂದು ಎಣಿಸಬೇಕು. ಅವರ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇದರ ಮೇಲೆ ಸೌದೆ ದೀಪ ಇತ್ಯಾದಿಗೆ ಶೇಕಡಾ 20. 1991ರಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಮಕ್ಕಳ ಓದು, ಔಷಧಿ, ಹಬ್ಬ, ಮುಪ್ಪು ಎಂದು ಇನ್ನೂ ಶೇಕಡಾ 25 ಸೇರಿಸಿತು. ಈ ಅಳತೆಯಲ್ಲಿ ಗಮನಿಸಬೇಕಾದದ್ದು ಒಂದು. ಇದರಲ್ಲಿ ಕೆಲಸಗಾರ ಎಷ್ಟು ಓದಿದ್ದಾನೆ, ಕೆಲಸ ಎಷ್ಟು ದೊಡ್ಡದು ಎಂಬ ಮಾತೇ ಇಲ್ಲ.

ಇದನ್ನು ಮಾಸ್ತರರು ಹೆಚ್ಚು ಯೋಚಿಸಬೇಕು. "ಇಷ್ಟು ಓದಿ ಪರೀಕ್ಷೆ ಬರೆದು ಬಂದವರಿಗೂ ಅಡುಗೆಯವರಿಗೂ ಒಂದೇ ಆಗುತ್ತದಾ?" ಎಂದು ಕೇಳಿದರೆ, ಆಗಬೇಕಾಗಿಲ್ಲ. ಓದಿಗೆ, ಅನುಭವಕ್ಕೆ, ಜವಾಬ್ದಾರಿಗೆ ಹೆಚ್ಚು ಕೊಡುವುದು ಸರಿಯೇ. ಆ ವ್ಯತ್ಯಾಸ ಶುರುವಾಗಬೇಕಾದ್ದು ನೆಲದಿಂದ ಮೇಲೆ. ನೆಲ ಎಲ್ಲರಿಗೂ ಒಂದೇ. ಟೀಚರ ಮಗುವಿಗೆ ಜ್ವರ ಬಂದರೆ ಬೇಕಾಗುವ ಔಷಧಿಯ ಬೆಲೆಯೂ ಅಡುಗೆಯಕ್ಕನ ಮಗುವಿನ ಔಷಧಿಯ ಬೆಲೆಯೂ ಮೆಡಿಕಲ್ ಶಾಪಿನಲ್ಲಿ ಬೇರೆ ಬೇರೆ ಅಲ್ಲ.

ಇನ್ನು ಗೌರವಧನ ಎಂಬ ಶಬ್ದ. ಆಶಾ ಯೋಜನೆ ಶುರುವಾದದ್ದು 2005ರಲ್ಲಿ, ಸಾವಿರ ಜನಸಂಖ್ಯೆಗೆ ಒಬ್ಬರಂತೆ. ಕಾಗದದಲ್ಲಿ ಅವರು ಸ್ವಯಂಸೇವಕಿಯರು. ಆದುದರಿಂದ ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಸಂಬಳ ಅಲ್ಲದ ಮೇಲೆ ಕನಿಷ್ಠ ಸಂಬಳದ ಕಾನೂನು ಅವರನ್ನು ಮುಟ್ಟುವುದಿಲ್ಲ. ಕೋವಿಡ್ ಕಾಲದಲ್ಲಿ ನಮ್ಮ ಬಾಗಿಲಿಗೆ ಬಂದು ವಿಚಾರಿಸಿದವರು ಇವರೇ. 2025ರ ಫೆಬ್ರವರಿ 10ರಂದು ಕೇರಳದ ಆಶಾ ಕಾರ್ಯಕರ್ತೆಯರ ಒಂದು ಸಂಘಟನೆ ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ಹಗಲು ರಾತ್ರಿ ಧರಣಿ ಕೂತಿತು. ತಿಂಗಳಿಗೆ 7,000 ಇದ್ದ ಗೌರವಧನವನ್ನು 21,000 ಮಾಡಿ ಎಂಬುದು ಬೇಡಿಕೆ. ಐವತ್ತನೆಯ ದಿನ ಹಲವರು ತಲೆಗೂದಲು ಕತ್ತರಿಸಿಕೊಂಡರು. ರಾಜ್ಯ ಕೇಂದ್ರವನ್ನು ತೋರಿಸಿತು, ಕೇಂದ್ರ ರಾಜ್ಯವನ್ನು ತೋರಿಸಿತು. ಅಕ್ಟೋಬರ್ ಕೊನೆಗೆ ರಾಜ್ಯ ಸರಕಾರ 1,000 ರೂಪಾಯಿ ಏರಿಸಿತು. ಆ ಬಳಿಕ ಧರಣಿ ಮುಗಿಯಿತು.

21,000 ಸರಿಯಾ, 8,000 ಸರಿಯಾ ಎಂಬುದರಲ್ಲಿ ಪಕ್ಷಕ್ಕೊಂದು ಅಭಿಪ್ರಾಯ ಇರಬಹುದು. ಪ್ರೋತ್ಸಾಹಧನ ಸೇರಿಸಿದರೆ ಕೈಗೆ ಸಿಗುವುದು ಇದಕ್ಕಿಂತ ಹೆಚ್ಚು ಎಂಬುದೂ ಸತ್ಯ. ಆದರೆ ಒಂದು ಹೋಲಿಕೆ ನೋಡಿ. 2025–26ಕ್ಕೆ ಉದ್ಯೋಗ ಖಾತರಿಯ ದಿನಗೂಲಿ ಕೇರಳದಲ್ಲಿ 369 ರೂಪಾಯಿ ಇತ್ತು. ಇಪ್ಪತ್ತಾರು ದಿನಕ್ಕೆ 9,594 ಆಗುತ್ತದೆ. ಹುಲ್ಲು ಕೆತ್ತುವ, ಇಂಗುಗುಂಡಿ ತೋಡುವ ಕೆಲಸದ ಬೆಲೆ ಕಡಿಮೆ ಎಂದು ಹೇಳುವುದಲ್ಲ. ಅದಕ್ಕೇ ಅಷ್ಟು ಬೇಕು ಎಂದು ಸರಕಾರ ಒಪ್ಪಿದ ಮೇಲೆ, ಬಾಣಂತಿಯನ್ನೂ ಶಿಶುವನ್ನೂ ನೋಡುವವರ ತಿಂಗಳ ನಿಶ್ಚಿತ ಹಣ ಅದಕ್ಕಿಂತ ಕೆಳಗೆ ಇದ್ದದ್ದು ಯಾಕೆ? ಹೊಟ್ಟೆಗೆ ಹಿಟ್ಟಿಲ್ಲದವರ ಜುಟ್ಟಿಗೆ ಮಲ್ಲಿಗೆ ಮುಡಿಸಿದ ಹಾಗಾಯಿತು. ಸನ್ಮಾನ, ಶಾಲು, ಹೂಗುಚ್ಛ ಎಲ್ಲ ಇರಲಿ. ಅವು ಕೂಲಿಯ ಜತೆಗೆ ಬರಬೇಕು, ಕೂಲಿಯ ಬದಲಿಗೆ ಅಲ್ಲ.

ಈ ಕೆಲಸಗಳಲ್ಲಿ ಹೆಚ್ಚಿನವರು ಹೆಂಗಸರು ಎಂಬುದೂ ಆಕಸ್ಮಿಕ ಅಲ್ಲ. "ಗಂಡ ದುಡಿಯುತ್ತಾನಲ್ಲ, ಇವಳದ್ದು ಮೇಲುಖರ್ಚಿಗೆ" ಎಂಬ ಲೆಕ್ಕಾಚಾರ ಎಲ್ಲರ ಮನಸ್ಸಿನ ಮೂಲೆಯಲ್ಲಿ ಉಂಟು. ಕೂಲಿ ಕೊಡುವಾಗ ಕೆಲಸವನ್ನು ನೋಡಬೇಕಾ, ಕೆಲಸ ಮಾಡುವವಳ ಗಂಡನನ್ನು ನೋಡಬೇಕಾ? ಗಂಡಸು ತೋಟಕ್ಕೆ ಬಂದರೆ ಅವನ ಹೆಂಡತಿಗೆ ಎಷ್ಟು ಸಂಬಳ ಎಂದು ನಾವು ಕೇಳುವುದಿಲ್ಲ. ಜವಳಿ ಅಂಗಡಿಗಳ ಹೆಂಗಸರು ಇಡೀ ದಿನ ನಿಂತೇ ಇರಬೇಕಾಗಿದ್ದ ಸ್ಥಿತಿಗೆ ವಿರುದ್ಧ ಕೇರಳದಲ್ಲಿ ಹೋರಾಟ ನಡೆದು, ಕುಳಿತುಕೊಳ್ಳುವ ಹಕ್ಕು ಕಾನೂನಿಗೆ ಬಂದದ್ದು 2018ರಲ್ಲಿ. ಕುಳಿತುಕೊಳ್ಳಲೂ ಕಾನೂನು ಬೇಕಾದ ಜಾಗದಲ್ಲಿ ಕೂಲಿಯನ್ನು ಒಳ್ಳೆಯತನಕ್ಕೆ ಬಿಟ್ಟುಬಿಡಲು ಆಗುವುದಿಲ್ಲ.

ಇಲ್ಲಿವರೆಗೆ ಒಂದು ಪಕ್ಷದ ಮಾತಾಯಿತು. ಇನ್ನೊಂದು ಪಕ್ಷದ ಮಾತನ್ನೂ ಅಷ್ಟೇ ಗೌರವದಿಂದ ಕೇಳಬೇಕು. ಯಾಕೆಂದರೆ ಅದು ಬರೇ ಶ್ರೀಮಂತರ ಮಾತಲ್ಲ. ಕೂಲಿ ಏರಿದರೆ ಕೆಲಸವೇ ಹೋಗುತ್ತದೆ ಎಂಬ ಹೆದರಿಕೆ ಸುಳ್ಳಲ್ಲ, ನಮ್ಮ ನಾಡಿನಲ್ಲೇ ಅದು ನಡೆದದ್ದುಂಟು. ಬೀಡಿ ಕೆಲಸಗಾರರಿಗೆ ಕೂಲಿ, ರಜೆ ಮುಂತಾದ ರಕ್ಷಣೆ ಕೊಡುವ ಕೇಂದ್ರದ ಕಾನೂನು 1966ರಲ್ಲಿ ಬಂತು. ಕೇರಳ ಸರಕಾರ 1968ರಲ್ಲಿ ಅದನ್ನು ಜಾರಿಗೆ ತಂದಾಗ, ಮಂಗಳೂರಿನ ಬೀಡಿ ಧಣಿಗಳು ಕಣ್ಣೂರು ಜಿಲ್ಲೆಯ ಕೆಲಸ ನಿಲ್ಲಿಸಿ ಗಡಿಯಾಚೆಗೆ ಹೋದರು. ಆಗ ಕಾಸರಗೋಡು ಕೂಡ ಕಣ್ಣೂರು ಜಿಲ್ಲೆಯಲ್ಲೇ ಇತ್ತು. ಸುಮಾರು 12,000 ಮಂದಿಯ ಕೆಲಸ ಹೋಯಿತು. ನೀರು ತಗ್ಗಿಗೆ ಹರಿದ ಹಾಗೆ ಕೆಲಸ ಕಡಿಮೆ ಕೂಲಿಯ ಕಡೆಗೆ ಹರಿಯಿತು.

ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. 1969ರಲ್ಲಿ ಆ ಕೆಲಸಗಾರರೇ ಸೇರಿ, ಸರಕಾರದ ಸಹಾಯದಿಂದ, ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಮುಂದೆ ಅದರಲ್ಲಿ ಸುಮಾರು 42,000 ಮಂದಿವರೆಗೆ ದುಡಿದರು, ಕಾನೂನಿನ ಕೂಲಿ ಪಡೆದೇ ದುಡಿದರು. ಬೀಡಿ ಸೇದುವವರು ಕಡಿಮೆಯಾದಾಗ ಸಂಘವೂ ಸಣ್ಣದಾಗಿ ತಿಂಡಿ ಪದಾರ್ಥ, ಕೊಡೆ ಮುಂತಾದ ಬೇರೆ ವಸ್ತುಗಳ ಕಡೆಗೆ ತಿರುಗಿತು. ಇದರಿಂದ ಎರಡು ಪಾಠ ಕಲಿಯಬಹುದು. ಕೂಲಿಯ ಕಾನೂನು ಮಾಡಿ ಸುಮ್ಮನೆ ಕೂತರೆ ಸಾಲದು, ಕೆಲಸ ಹೋದವರ ಕೈ ಹಿಡಿಯುವ ಏರ್ಪಾಡೂ ಬೇಕು. ಗಡಿಯ ಒಂದೇ ಕಡೆ ಕೂಲಿ ಏರಿದರೆ ತೊಂದರೆ, ಎರಡೂ ಕಡೆ ನೆಲ ಒಂದೇ ಮಟ್ಟದಲ್ಲಿರಬೇಕು.

ಬೀಡಿ ಕಟ್ಟುವುದನ್ನು ಗಡಿಯಾಚೆ ಕೊಂಡುಹೋಗಬಹುದು. ಸೇವಾ ಕೆಲಸವನ್ನು ಹಾಗೆ ಕೊಂಡುಹೋಗಲಾಗುವುದಿಲ್ಲ. ಆದೂರಿನ ಶಾಲೆಯ ಅನ್ನವನ್ನು ಆದೂರಿನಲ್ಲೇ ಬೇಯಿಸಬೇಕು. ಅಮೇರಿಕದಲ್ಲಿ ಇದರ ಪರೀಕ್ಷೆಯೇ ನಡೆದಿದೆ. 1992ರಲ್ಲಿ ನ್ಯೂಜೆರ್ಸಿ ರಾಜ್ಯ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿಸಿತು, ಪಕ್ಕದ ಪೆನ್ಸಿಲ್ವೇನಿಯ ಏರಿಸಲಿಲ್ಲ. ಡೇವಿಡ್ ಕಾರ್ಡ್, ಅಲನ್ ಕ್ರೂಗರ್ ಎಂಬ ಇಬ್ಬರು ಗಡಿಯ ಎರಡೂ ಕಡೆಯ ಹೋಟೆಲುಗಳನ್ನು ವಿಚಾರಿಸಿ ನೋಡಿದರು. ಏರಿಸಿದ ಕಡೆ ಕೆಲಸ ಕಡಿಮೆಯಾಗಿರಲಿಲ್ಲ. ಇದನ್ನು ಒಪ್ಪದ ಅರ್ಥಶಾಸ್ತ್ರಜ್ಞರೂ ಇದ್ದಾರೆ, ವಾದ ಮುಗಿದಿಲ್ಲ. ಆದರೆ ಕೂಲಿ ಏರಿದರೆ ಕೆಲಸ ಹೋಗಿಯೇ ಹೋಗುತ್ತದೆ ಎಂದು ಕಣ್ಣು ಮುಚ್ಚಿ ಹೇಳುವ ಕಾಲ ಹೋಯಿತು. ಏರಿಕೆ ಎಷ್ಟು, ಎಲ್ಲಿ, ಯಾವ ಕೆಲಸಕ್ಕೆ ಎಂದು ನೋಡಿ ಮಾತಾಡಬೇಕು.

ಉಳಿದದ್ದು ಸಣ್ಣ ಧಣಿಯ ಕಷ್ಟ. ನಾಲ್ಕು ಮೇಜಿನ ಹೋಟೆಲು ನಡೆಸುವವನಿಗೆ ಬಾಡಿಗೆ, ಗ್ಯಾಸು, ಸಾಲ ಎಲ್ಲ ಉಂಟು. ಕೊಳೆರೋಗ, ಹಳದಿ ರೋಗ ಬಂದ ತೋಟದವನೂ ಸುಖದಲ್ಲಿಲ್ಲ. ಅವನ ಮಾತಿಗೆ ಕಾನೂನಿನ ಉತ್ತರ ಖಡಕ್ಕಾಗಿದೆ. 1958ರಲ್ಲಿ ಕೇರಳ ಸರಕಾರ ಹೆಂಚಿನ ಕಾರ್ಖಾನೆಗಳಿಗೆ ಕನಿಷ್ಠ ವೇತನ ಗೊತ್ತುಮಾಡಿದಾಗ ಮಾಲಕರು ಸುಪ್ರೀಂ ಕೋರ್ಟಿನವರೆಗೆ ಹೋದರು. ಕನಿಷ್ಠ ಕೂಲಿ ನಿಗದಿ ಮಾಡುವಾಗ ಧಣಿಗೆ ಕೊಡುವ ಶಕ್ತಿ ಇದೆಯೇ ಎಂದು ನೋಡಬೇಕಾಗಿಲ್ಲ ಎಂದು 1961ರಲ್ಲಿ ತೀರ್ಪಾಯಿತು. ಇದು ಕಟುವಾಗಿ ಕಾಣಬಹುದು. ಆದರೆ ಹೀಗೆ ಯೋಚಿಸಿ: ಅಕ್ಕಿಯ ಅಂಗಡಿಯವನಿಗೆ "ನನಗೆ ಕೊಡುವ ಶಕ್ತಿ ಇಲ್ಲ, ಅರ್ಧ ಕ್ರಯಕ್ಕೆ ಕೊಡು" ಎಂದು ಹೋಟೆಲಿನವನು ಹೇಳುವುದಿಲ್ಲ. ಗ್ಯಾಸಿನವನಿಗೂ ಹೇಳುವುದಿಲ್ಲ. ಹೇಳಲು ಆಗುವುದು ಕೆಲಸದವನಿಗೆ ಮಾತ್ರ, ಯಾಕೆಂದರೆ ಅವನಿಗೆ ಹೋಗಲು ಬೇರೆ ಜಾಗ ಇಲ್ಲ. ಕೂಲಿ ಕಡಿಮೆ ಕೊಟ್ಟು ಉಳಿಸಿದ ಹಣ ಆಕಾಶದಿಂದ ಬಿದ್ದದ್ದಲ್ಲ. ಬಡವನೇ ಹೋಟೆಲಿಗೆ ಕೊಟ್ಟ ಸಾಲ ಅದು, ಬಡ್ಡಿ ಇಲ್ಲ, ವಾಪಸೂ ಇಲ್ಲ. ಆ ಸಾಲದ ಪಾಲು ನಮ್ಮ ಚಾಯದ ಗ್ಲಾಸಿನಲ್ಲೂ ಉಂಟು. ಸಣ್ಣ ಧಣಿಗೆ ಸಹಾಯ ಬೇಕಾದರೆ ಅದನ್ನು ಸರಕಾರ ಕೊಡಲಿ, ಗಿರಾಕಿಗಳಾದ ನಾವು ಎರಡು ರೂಪಾಯಿ ಹೆಚ್ಚು ಕೊಟ್ಟು ಕೊಡುವ. ಊರಿನ ಅತ್ಯಂತ ಬಡವರಿಂದ ಆ ಸಹಾಯ ಕೀಳುವುದು ನ್ಯಾಯ ಅಲ್ಲ.

ಹಾಗಾದರೆ ನಮ್ಮಿಂದ ಆಗುವುದೇನು? ಕಾನೂನು ಮಾಡುವ ಅಧಿಕಾರ ನಮ್ಮಲ್ಲಿಲ್ಲ. ಗ್ರಾಮಸಭೆ ನಮ್ಮದು. ಅಲ್ಲಿ ರಸ್ತೆ, ದಾರಿದೀಪ ಕೇಳುವ ಹಾಗೆ ಹರಿತ ಕರ್ಮ ಸೇನೆಯವರ ಕೈಗೆ ಈ ತಿಂಗಳು ಎಷ್ಟು ಸಿಕ್ಕಿತು ಎಂದೂ ಕೇಳಬಹುದು. ನಿಜವಾಗಿಯೂ ಕೊಡಲಾಗದ ಮನೆಗಳನ್ನು ಪಟ್ಟಿ ಮಾಡಿ ಬಿಡುವ, ಕೊಡಲು ಆಗುವವರು ತಪ್ಪದೆ ಕೊಡುವ. ಶಾಲೆಯ ಪಿ.ಟಿ.ಎ. ಸಭೆಯಲ್ಲಿ ಅಡುಗೆಯವರ ಹಣ ಎಷ್ಟು ತಿಂಗಳಿಂದ ಬಾಕಿ ಉಂಟಾ ಎಂದು ಒಬ್ಬರಾದರೂ ವಿಚಾರಿಸಬಹುದು. ಮನೆಗೆ ಕೆಲಸಕ್ಕೆ ಬರುವವರಿಗೆ ಹೊತ್ತು ಮುಳುಗುವ ಮೊದಲು ಲೆಕ್ಕ ಮುಗಿಸಬಹುದು.

ಕಾಯಕವನ್ನು ಹೊಗಳುವುದು ನಮ್ಮ ಭಾಷೆಗೆ ಹೊಸದಲ್ಲ. ಶತಮಾನಗಳಿಂದ ಹೊಗಳಿದ್ದೇವೆ. ಹೊಗಳಿಕೆಗೆ ಖರ್ಚಿಲ್ಲ. ಯಾವ ಕೆಲಸ ಇಲ್ಲದೆ ನಮ್ಮ ಊರು ನಡೆಯುವುದಿಲ್ಲವೋ ಆ ಕೆಲಸ ಮಾಡುವವರ ಮನೆಯೂ ನಡೆಯಬೇಕು. ಅದಕ್ಕೆ ಬೇಕಾದಷ್ಟನ್ನು ಕೊಡುವುದು ದಾನವಲ್ಲ, ಬಾಕಿ ತೀರಿಸುವುದು.