ಫಲವೂ ವಿವೇಕವೂ

ಕಾರ್ಯವು ಕೈಗೂಡಿದರೆ ಮಾಡಿದವನನ್ನು ಜಾಣನೆಂದೂ, ಕೆಟ್ಟರೆ ಮೂಢನೆಂದೂ ಎಣಿಸುವುದು ಲೋಕರೂಢಿ. ಈ ರೂಢಿಯು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದನ್ನು ಪೋಕರ್ ಎಂಬ ಇಸ್ಪೀಟಿನ ಆಟವು ಚೆನ್ನಾಗಿ ತೋರಿಸಿಕೊಡುವುದು.

19ನೆಯ ಶತಮಾನದಲ್ಲಿ ಅಮೆರಿಕದಲ್ಲಿ ಬೆಳೆದ ಈ ಆಟಕ್ಕೆ 52 ಎಲೆಗಳು. ಅದರ ‘ಟೆಕ್ಸಾಸ್ ಹೋಲ್ಡೆಮ್’ ಎಂಬ ಬಗೆಯಲ್ಲಿ ಪ್ರತಿಯೊಬ್ಬನಿಗೂ ಎರಡು ಗುಪ್ತವಾದ ಎಲೆಗಳು; ಎಲ್ಲರಿಗೂ ಸಲ್ಲುವ ಐದು ಎಲೆಗಳು ನಡುವೆ ಕ್ರಮವಾಗಿ ತೆರೆಯಲ್ಪಡುವುವು. ಕಡೆಯವರೆಗೆ ನಿಂತವರಲ್ಲಿ, ಈ ಏಳರಿಂದ ಉತ್ತಮವಾದ ಐದನ್ನು ಕೂಡಿಸಿದವನಿಗೆ ಪಣದ ರಾಶಿಯು ಸೇರುವುದು. ನಡುವಿನ ನಾಲ್ಕು ಎಲೆಗಳು ತೆರೆದಿವೆಯೆಂದೂ, ಒಬ್ಬನಿಗೆ ಒಂದೇ ಜಾತಿಯ ನಾಲ್ಕು ಎಲೆಗಳು ಕೂಡಿವೆಯೆಂದೂ, ಐದನೆಯದು ಬಂದರೆ ಗೆಲವು, ಬಾರದಿದ್ದರೆ ಸೋಲು, ಮುಂದೆ ಪಣವೇರದು ಎಂದೂ ಇಟ್ಟುಕೊಳ್ಳಬಹುದು. ಅವನು ಕಾಣದ ಎಲೆಗಳು 46. ಅವುಗಳಲ್ಲಿ ಬೇಕಾದವು 9, ಬೇಡವಾದವು 37. ರಾಶಿಯಲ್ಲಿ 30 ರೂಪಾಯಿಗಳಿದ್ದು, ಆಟದಲ್ಲಿ ನಿಲ್ಲಲು 10 ರೂಪಾಯಿ ಕೊಡಬೇಕಾದರೆ, ಸರಾಸರಿ 46 ಸಲಕ್ಕೆ 270 ಗಳಿಸಿ 370 ಕಳೆಯುವನು. ರಾಶಿಯಲ್ಲಿ 50 ಇದ್ದರೆ 450 ಗಳಿಸಿ 370 ಕಳೆಯುವನು. ಆದುದರಿಂದ ಮೊದಲನೆಯ ಸಂದರ್ಭದಲ್ಲಿ ಹಣ ಕೊಟ್ಟು ಗೆದ್ದವನೂ ತಪ್ಪು ಮಾಡಿದವನೇ. ಎರಡನೆಯದರಲ್ಲಿ ಕೊಟ್ಟು ಸೋತವನೂ ಸರಿಯಾಗಿಯೇ ನಡೆದವನು. ಗೆಲವಿನೊಳಗೆ ಅಡಗಿದ ತಪ್ಪನ್ನು ತಪ್ಪೆಂದು ಕಾಣುವುದೇ ಈ ಆಟದಲ್ಲಿ ಪ್ರಾವೀಣ್ಯಕ್ಕೆ ಮೊದಲನೆಯ ಮೆಟ್ಟಿಲು. ಗೆದ್ದೆನೆಂಬ ಹಿಗ್ಗಿನಲ್ಲಿ ಅದನ್ನು ಮರೆತವನು ಅದೇ ತಪ್ಪನ್ನು ಮರಳಿ ಮರಳಿ ಮಾಡುವನು.

ಹಾಗಾದರೆ ಎಣಿಕೆ ಬಲ್ಲವನಿಗೆ ಜೂಜು ನಿರ್ದೋಷವೆ? ಅಲ್ಲ. ಸರಾಸರಿಯ ನ್ಯಾಯವು ಸಲ್ಲುವುದು ಅನೇಕ ಸಲ ಆಡಬಲ್ಲವನಿಗೆ. ಮನೆಯ ಅಕ್ಕಿಬೇಳೆಯ ಹಣವನ್ನೇ ಒಡ್ಡಿದವನಿಗೆ ಎರಡನೆಯ ಸಲವೆಂಬುದಿಲ್ಲ. ಸೋತರೆ ಹಸಿಯುವವನೂ ಅವನೊಬ್ಬನೇ ಅಲ್ಲ. ಮಹಾಭಾರತದ ವನಪರ್ವದಲ್ಲಿ ಬೃಹದಶ್ವ ಮುನಿಯು ಧರ್ಮರಾಯನಿಗೆ ನಳನ ಕಥೆಯನ್ನು ಹೇಳಿ ಅಕ್ಷವಿದ್ಯೆಯನ್ನು ಉಪದೇಶಿಸುವನು. ಆ ವಿದ್ಯೆಯು ಮೊದಲೇ ದೊರೆತಿದ್ದರೆ ಅವನು ಗೆಲ್ಲುತ್ತಿದ್ದನೇನೋ. ಆದರೆ ತನ್ನನ್ನೇ ಸೋತವನಿಗೆ ತನ್ನನ್ನು ಒಡ್ಡುವ ಅಧಿಕಾರವೆಲ್ಲಿಯದೆಂದು ದ್ರೌಪದಿಯು ಎತ್ತಿದ ಪ್ರಶ್ನೆಗೆ ಅಕ್ಷವಿದ್ಯೆಯಲ್ಲಿ ಉತ್ತರವಿಲ್ಲ. ದಾಳವು ಅವನ ಕಡೆಗೆ ಬಿದ್ದಿದ್ದರೂ ಪತ್ನಿಯನ್ನು ಪಣಕ್ಕಿಟ್ಟ ದೋಷವು ದೋಷವಾಗಿಯೇ ಉಳಿಯುತ್ತಿತ್ತು.

ಆದುದರಿಂದ ಗೆದ್ದವನನ್ನು ಹೊಗಳುವುದಕ್ಕೂ ಸೋತವನನ್ನು ಹಳಿಯುವುದಕ್ಕೂ ಮುನ್ನ ವಿಚಾರಿಸತಕ್ಕವು ಎರಡು: ತಿಳಿಯಬಹುದಾದುದನ್ನು ತಿಳಿದು ನಡೆದನೆ? ಒಡ್ಡಿದ ವಸ್ತುವು ಒಡ್ಡುವುದಕ್ಕೆ ಅವನದಾಗಿತ್ತೆ?