ರೋಗಿಗೆ ಸತ್ಯ ಹೇಳುವ ಧರ್ಮ

ಗುಣವಾಗದ ಕಾಯಿಲೆ ಬಂದವರಿಗೆ ಅವರ ಸ್ಥಿತಿಯನ್ನು ಇದ್ದದ್ದು ಇದ್ದ ಹಾಗೆ ತಿಳಿಸಬೇಕೇ ಎಂಬ ಪ್ರಶ್ನೆ ವೈದ್ಯಕೀಯಕ್ಕೆ ಎಷ್ಟು ಸೇರಿದ್ದೋ ಧರ್ಮವಿಚಾರಕ್ಕೂ ಅಷ್ಟೇ ಸೇರಿದ್ದು. ಸತ್ಯ ನುಡಿಯಬೇಕು ಎಂಬುದು ಒಂದು ಕಟ್ಟಳೆ; ಮಾತಿನಿಂದಲೂ ಯಾರನ್ನೂ ನೋಯಿಸಬಾರದು ಎಂಬುದು ಇನ್ನೊಂದು. ಬೇರೆ ಸಂದರ್ಭಗಳಲ್ಲಿ ಜೊತೆಯಾಗಿ ಸಾಗುವ ಈ ಎರಡೂ ಕ್ಯಾನ್ಸರ್ ವಾರ್ಡಿನಲ್ಲಿ ಎದುರುಬದುರಾಗಿ ನಿಲ್ಲುತ್ತವೆ. ‘ಅಪ್ಪನಿಗೆ ಏನೂ ಹೇಳಬೇಡಿ ಡಾಕ್ಟ್ರೇ, ಅವರು ತಡ್ಕೊಳ್ಳಲ್ಲ’ ಎಂದು ಮಗ ಕೈಮುಗಿಯುವುದು ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯ. ಆ ಕೋರಿಕೆಯಲ್ಲಿ ಪ್ರೀತಿಯಿದೆ, ಭಯವೂ ಇದೆ. ಅದನ್ನು ನಡೆಸಿಕೊಟ್ಟರೆ ರೋಗಿಗೆ ನಿಜವಾಗಿ ಒಳಿತಾಗುತ್ತದೆಯೇ ಎಂಬುದೇ ಇಲ್ಲಿನ ವಿಚಾರ.

ಮರೆಮಾಚುವ ಪರಂಪರೆ

ಹಳೆಯ ವೈದ್ಯಪರಂಪರೆಗಳು ಬಹುಮಟ್ಟಿಗೆ ಮೌನದ ಪಕ್ಷದಲ್ಲಿದ್ದವು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಗುರು ಶಿಷ್ಯನಿಗೆ ನೀಡುವ ಉಪದೇಶವೊಂದಿದೆ. ರೋಗಿಯ ಆಯಸ್ಸು ಮುಗಿಯುತ್ತ ಬಂದಿದೆ ಎಂದು ತಿಳಿದಿದ್ದರೂ, ಹೇಳಿದರೆ ರೋಗಿಗೋ ಇತರರಿಗೋ ಆಘಾತವಾಗುವಂತಿದ್ದರೆ ವೈದ್ಯ ಅದನ್ನು ಹೇಳಬಾರದು ಎಂದು ಅದು ವಿಧಿಸುತ್ತದೆ. ಗ್ರೀಸಿನಲ್ಲಿ ಹಿಪೋಕ್ರೇಟಿಸನ ಹೆಸರಿನಲ್ಲಿ ಉಳಿದುಬಂದಿರುವ ಬರಹಗಳಲ್ಲೊಂದು, ಚಿಕಿತ್ಸೆ ನೀಡುವಾಗ ಹೆಚ್ಚಿನ ಸಂಗತಿಗಳನ್ನು ರೋಗಿಯಿಂದ ಮುಚ್ಚಿಡುವಂತೆ ಸಲಹೆ ಕೊಡುತ್ತದೆ. 1847ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘ ರೂಪಿಸಿದ ಮೊದಲ ನೀತಿಸಂಹಿತೆಯೂ ಇದೇ ಹಾದಿಯದು: ಕೆಟ್ಟ ಭವಿಷ್ಯವನ್ನು ವೈದ್ಯ ತಾನೇ ಮುಂದಾಗಿ ನುಡಿಯಬಾರದು, ಅನಿವಾರ್ಯವಾದಾಗ ಬಂಧುಗಳಿಗೆ ತಿಳಿಸಬೇಕು. ಭರವಸೆಯೇ ಅರ್ಧ ಔಷಧ, ಅದು ಕುಸಿದರೆ ರೋಗಿಯೂ ಕುಸಿಯುತ್ತಾನೆ ಎಂಬ ನಂಬಿಕೆ ಇವೆಲ್ಲದರ ಹಿಂದೆ ಇತ್ತು. ಆ ಕಾಲದ ವೈದ್ಯನ ಬಳಿ ರೋಗಿಗೆ ಕೊಡಲು ಭರವಸೆಯನ್ನು ಬಿಟ್ಟು ಬೇರೇನೂ ಹೆಚ್ಚಾಗಿ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ನಿಲುವು ತಲೆಕೆಳಗಾಯಿತು. 1961ರಲ್ಲಿ ಡೊನಾಲ್ಡ್ ಓಕನ್ ಪ್ರಕಟಿಸಿದ ಅಮೆರಿಕದ ಸಮೀಕ್ಷೆಯಲ್ಲಿ ಸುಮಾರು ಶೇ. 90ರಷ್ಟು ವೈದ್ಯರು ಕ್ಯಾನ್ಸರ್ ಇರುವುದನ್ನು ರೋಗಿಗೆ ತಿಳಿಸದಿರಲು ಬಯಸಿದ್ದರು. 1979ರಲ್ಲಿ ಅದೇ ಬಗೆಯ ಪ್ರಶ್ನೆಗಳನ್ನು ಕೇಳಿದಾಗ ಶೇ. 97ರಷ್ಟು ಮಂದಿ ತಿಳಿಸುವುದಾಗಿ ಹೇಳಿದರು. ಈ ಹದಿನೆಂಟು ವರ್ಷಗಳಲ್ಲಿ ಕ್ಯಾನ್ಸರ್ ಚಿಕಿತ್ಸೆ ಸುಧಾರಿಸಿತ್ತು. ಅದಕ್ಕೂ ಮೊದಲೇ, ನಾಜಿ ವೈದ್ಯರ ವಿಚಾರಣೆಯ ಬಳಿಕ 1947ರಲ್ಲಿ ಹೊರಬಂದ ನ್ಯೂರೆಂಬರ್ಗ್ ಸಂಹಿತೆ, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಅವನ ದೇಹದ ಮೇಲೆ ಪ್ರಯೋಗ ಸಲ್ಲದು ಎಂಬ ತತ್ವವನ್ನು ನೆಲೆಗೊಳಿಸಿತ್ತು. ಸಾವಿನ ಅಂಚಿನಲ್ಲಿದ್ದವರನ್ನೇ ಮಾತಾಡಿಸಿ, ಅವರ ಮನಸ್ಸಿನ ಸ್ಥಿತಿಗಳನ್ನು ವಿವರಿಸಿದ ಎಲಿಜಬೆತ್ ಕ್ಯೂಬ್ಲರ್-ರಾಸ್ ಅವರ ಪುಸ್ತಕ 1969ರಲ್ಲಿ ಬಂದಿತ್ತು.

ಸುಳ್ಳಿಗೆ ವಿನಾಯಿತಿ ಉಂಟೇ?

ತತ್ವಶಾಸ್ತ್ರದಲ್ಲಿ ಅತ್ಯಂತ ಕಠಿಣವಾದ ಉತ್ತರ ಇಮ್ಯಾನುಯೆಲ್ ಕಾಂಟನದು. ಕೊಲೆಗಾರನೊಬ್ಬ ಬಂದು, ಮನೆಯೊಳಗೆ ಅಡಗಿರುವ ಗೆಳೆಯನ ಬಗ್ಗೆ ವಿಚಾರಿಸಿದರೂ ಸುಳ್ಳು ಹೇಳುವ ಹಕ್ಕಿಲ್ಲ ಎಂದು ಅವನು 1797ರ ಪ್ರಬಂಧವೊಂದರಲ್ಲಿ ವಾದಿಸಿದ. ಮಹಾಭಾರತ ಇದೇ ಸಂದರ್ಭವನ್ನು ಎತ್ತಿಕೊಂಡು ಬೇರೆ ತೀರ್ಪು ಕೊಡುತ್ತದೆ. ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ. ಸತ್ಯವ್ರತ ಹಿಡಿದ ಆ ತಪಸ್ವಿ, ಕಳ್ಳರಿಗೆ ಹೆದರಿ ಕಾಡಿನಲ್ಲಿ ಅವಿತವರ ಜಾಗವನ್ನು ಆ ಕಳ್ಳರಿಗೇ ತೋರಿಸಿಕೊಟ್ಟ. ಅವಿತವರು ಪ್ರಾಣ ಕಳೆದುಕೊಂಡರು, ಕೌಶಿಕ ನರಕಕ್ಕೆ ಹೋದ. ಯಾವುದು ಜೀವಗಳನ್ನು ಕಾಯುತ್ತದೆಯೋ ಅದೇ ಧರ್ಮ ಎಂಬುದು ಆ ಕಥೆಯ ಸಾರ.

ರೋಗಿಯಿಂದ ನಿಜವನ್ನು ಮುಚ್ಚಿಡುವವರು ಸಾಮಾನ್ಯವಾಗಿ ಇಂಥ ಕಥೆಯನ್ನೇ ಆಧಾರವಾಗಿ ಹಿಡಿಯುತ್ತಾರೆ. ಆದರೆ ಎರಡು ಸಂದರ್ಭಗಳೂ ಒಂದೇ ಅಲ್ಲ. ಕೌಶಿಕನನ್ನು ಕೇಳಿದವರು ಕಳ್ಳರು. ಆ ಮಾಹಿತಿ ಅವರಿಗೆ ಸೇರಿದ್ದಲ್ಲ, ಅದನ್ನು ಅವರು ಬಳಸಲಿದ್ದದ್ದು ಇನ್ನೊಬ್ಬರನ್ನು ಕೊಲ್ಲಲು. ರೋಗಿ ಕೇಳುತ್ತಿರುವುದು ತನ್ನ ದೇಹದ ಬಗ್ಗೆ, ತನಗೆ ಉಳಿದಿರುವ ಕಾಲದ ಬಗ್ಗೆ. ಆ ತಿಳಿವಿಗೆ ಅವನಿಗಿಂತ ಹೆಚ್ಚಿನ ಹಕ್ಕುದಾರರಿಲ್ಲ. ಕೌಶಿಕ ಸುಳ್ಳು ಹೇಳಿದ್ದರೆ ಅದು ಅಮಾಯಕರನ್ನು ಕಾಯುತ್ತಿತ್ತು. ರೋಗಿಗೆ ಹೇಳುವ ಸುಳ್ಳು ಬಹಳ ಸಲ ಕಾಯುವುದು ಹೇಳಲಾರದವರನ್ನು. ಆದ್ದರಿಂದ ಮಹಾಭಾರತ ಕೊಡುವ ವಿನಾಯಿತಿ ಇಲ್ಲಿಗೆ ಅನ್ವಯಿಸುವುದಿಲ್ಲ.

ಅರ್ಧಸತ್ಯದಿಂದಲೂ ಸಮಸ್ಯೆ ಬಗೆಹರಿಯುವುದಿಲ್ಲ. ಅಶ್ವತ್ಥಾಮ ಸತ್ತನೆಂದು ಧರ್ಮರಾಯ ದ್ರೋಣನಿಗೆ ಹೇಳಿದಾಗ ಆ ಹೆಸರಿನ ಆನೆ ಸತ್ತಿದ್ದು ನಿಜವೇ. ಆದರೂ ಅದುವರೆಗೆ ನೆಲ ಮುಟ್ಟದಿದ್ದ ಧರ್ಮರಾಯನ ರಥ ನೆಲಕ್ಕಿಳಿಯಿತು ಎನ್ನುತ್ತದೆ ಕಾವ್ಯ. ಮಾತು ಅಕ್ಷರಶಃ ನಿಜವಾಗಿದ್ದರೂ ಕೇಳುವವನನ್ನು ದಾರಿತಪ್ಪಿಸುವ ಉದ್ದೇಶದಿಂದ ಆಡಿದ್ದರೆ ಅದು ಸುಳ್ಳೇ. ಕ್ಯಾನ್ಸರ್ ಎನ್ನದೆ ‘ಸಣ್ಣ ಗಡ್ಡೆ, ಎರಡು ಇಂಜೆಕ್ಷನ್ನಿಗೆ ಕರಗುತ್ತೆ’ ಎನ್ನುವ ಸಮಾಧಾನವೂ ಈ ಲೆಕ್ಕಕ್ಕೇ ಸೇರುತ್ತದೆ.

ಹಾಗೆಂದು ಸತ್ಯವನ್ನು ಹೇಗೆ ಬೇಕಾದರೂ ಹೇಳಬಹುದೆಂದು ಯಾವ ಧರ್ಮವೂ ಒಪ್ಪುವುದಿಲ್ಲ. ಜೈನದರ್ಶನದಲ್ಲಿ ಸತ್ಯವ್ರತ ಅಹಿಂಸೆಗೆ ಅಧೀನ. ಪರರನ್ನು ನೋಯಿಸಲೆಂದೇ ಆಡಿದ ನಿಜವನ್ನೂ ಅದು ದೋಷವೆಂದು ಎಣಿಸುತ್ತದೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಮಾತಿನ ತಪಸ್ಸನ್ನು ವಿವರಿಸುವಾಗ ಸತ್ಯದ ಜೊತೆಗೆ ಉದ್ವೇಗ ಹುಟ್ಟಿಸದಿರುವುದು, ಪ್ರಿಯವಾಗಿರುವುದು, ಹಿತವಾಗಿರುವುದು ಇವನ್ನೂ ಸೇರಿಸುತ್ತದೆ. ಇವುಗಳಲ್ಲಿ ವೈದ್ಯನಿಗೆ ಅತ್ಯಂತ ಉಪಯುಕ್ತವಾದ ಅಳತೆ ಬುದ್ಧನದು. ಮಜ್ಝಿಮನಿಕಾಯದ ಅಭಯರಾಜಕುಮಾರ ಸುತ್ತದಲ್ಲಿ ಅವನು ಮಾತನ್ನು ಮೂರು ಪ್ರಶ್ನೆಗಳಿಂದ ಪರೀಕ್ಷಿಸುತ್ತಾನೆ: ಇದು ನಿಜವೇ, ಇದು ಹಿತವೇ, ಕೇಳುವವರಿಗೆ ಇದು ಪ್ರಿಯವೇ? ನಿಜವಲ್ಲದ್ದನ್ನು ಅದು ಎಷ್ಟೇ ಪ್ರಿಯವಾಗಿದ್ದರೂ ಬುದ್ಧ ಆಡುವುದಿಲ್ಲ. ನಿಜವೂ ಹಿತವೂ ಆದ ಮಾತು ಅಪ್ರಿಯವಾಗಿದ್ದರೂ ತಕ್ಕ ಕಾಲ ನೋಡಿ ಆಡುತ್ತಾನೆ. ಕರುಣೆಗೆ ಇಲ್ಲಿ ದೊಡ್ಡ ಅಧಿಕಾರವಿದೆ. ಆದರೆ ಆ ಅಧಿಕಾರ ನಡೆಯುವುದು ಹೊತ್ತು ಮತ್ತು ರೀತಿಯ ಮೇಲೆ ಮಾತ್ರ. ಸುಳ್ಳಿಗೆ ಅಪ್ಪಣೆ ಕೊಡುವಷ್ಟು ದೂರ ಅದು ಹೋಗುವುದಿಲ್ಲ.

ಕನ್ನಡಿಗರು ಬಾಲ್ಯದಲ್ಲೇ ಕೇಳುವ ಗೋವಿನ ಹಾಡಿನಲ್ಲೂ ಈ ವಿವೇಕವಿದೆ. ಪುಣ್ಯಕೋಟಿಯನ್ನು ಹುಲಿಗೆ ಕೊಟ್ಟ ಮಾತು ಉಳಿಸಿಕೊಂಡವಳೆಂದು ಎಲ್ಲರೂ ಕೊಂಡಾಡುತ್ತಾರೆ. ದೊಡ್ಡಿಗೆ ಮರಳಿದಾಗ ಅವಳು ಮಾಡುವುದನ್ನೂ ಗಮನಿಸಬೇಕು. ಎಳೆಯ ಕರುವಿನಿಂದಲೂ ಅವಳು ಸಾವಿನ ಸುದ್ದಿಯನ್ನು ಮರೆಮಾಚುವುದಿಲ್ಲ. ಮೊಲೆಯುಣಿಸಿ, ನಿಜ ತಿಳಿಸಿ, ಹೇಗೆ ಬಾಳಬೇಕೆಂದು ಬುದ್ಧಿ ಹೇಳಿ, ಅದನ್ನು ಅಕ್ಕತಂಗಿಯರಂಥ ಇತರ ಹಸುಗಳ ಕೈಗೊಪ್ಪಿಸುತ್ತಾಳೆ. ಸತ್ಯ ಹೇಳುವುದು ಮತ್ತು ಆಸರೆ ಒದಗಿಸುವುದು ಅಲ್ಲಿ ಒಂದೇ ಕರ್ತವ್ಯದ ಎರಡು ಭಾಗಗಳು.

ಮೌನದ ಬೆಲೆ

ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರೌಸ್ ಎಂಬ ಸಮಾಜಶಾಸ್ತ್ರಜ್ಞರು ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳಲ್ಲಿ ಸಾಯುತ್ತಿರುವವರ ಸುತ್ತಲಿನ ಮಾತುಕತೆಯನ್ನು ಅಧ್ಯಯನ ಮಾಡಿ 1965ರಲ್ಲಿ ಪುಸ್ತಕ ಪ್ರಕಟಿಸಿದರು. ಅವರು ನಾಲ್ಕು ಸ್ಥಿತಿಗಳನ್ನು ಗುರುತಿಸಿದರು: ರೋಗಿಯೊಬ್ಬನಿಗೆ ಮಾತ್ರ ಏನೂ ತಿಳಿಯದಿರುವುದು, ಅವನು ಅನುಮಾನಿಸತೊಡಗುವುದು, ಎಲ್ಲರಿಗೂ ತಿಳಿದಿದ್ದೂ ತಿಳಿಯದವರಂತೆ ನಟಿಸುವುದು, ಮುಚ್ಚುಮರೆಯಿಲ್ಲದೆ ಮಾತಾಡುವುದು. ಮೊದಲ ಸ್ಥಿತಿ ಬಹಳ ಕಾಲ ನಿಲ್ಲುವುದಿಲ್ಲ. ತನ್ನ ದೇಹ ಇಳಿಯುತ್ತಿರುವುದು, ವಾರ್ಡಿನ ಹೆಸರು, ಬಂಧುಗಳ ಕೆಂಪಾದ ಕಣ್ಣು ಎಲ್ಲವೂ ರೋಗಿಗೆ ಸುದ್ದಿ ಮುಟ್ಟಿಸುತ್ತವೆ. ಮೂರನೆಯ ಸ್ಥಿತಿಯೇ ಅತ್ಯಂತ ಕ್ರೂರ. ಮನೆಯವರು ನೊಂದಾರೆಂದು ರೋಗಿ, ರೋಗಿ ನೊಂದಾನೆಂದು ಮನೆಯವರು ಬಾಯಿ ಬಿಡುವುದಿಲ್ಲ. ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ ಕಥೆಯಲ್ಲಿ ಇವಾನ್ ಇಲಿಚ್‌ನನ್ನು ನೋವಿನಷ್ಟೇ ಹಿಂಸಿಸುವುದು ಸುತ್ತಲಿನವರ ಈ ನಟನೆ; ನಟಿಸದ ಒಬ್ಬನೇ ವ್ಯಕ್ತಿಯಾದ ಆಳು ಗೆರಾಸಿಮ್‌ನ ಬಳಿ ಮಾತ್ರ ಅವನಿಗೆ ನೆಮ್ಮದಿ.

ನಷ್ಟ ಮನಸ್ಸಿನದಷ್ಟೇ ಅಲ್ಲ. ಸ್ಥಿತಿ ಗೊತ್ತಿಲ್ಲದವರು ಇನ್ನೊಂದು ಸುತ್ತಿನ ಕಿಮೊಥೆರಪಿ ಬೇಕೋ ಬೇಡವೋ ಎಂದು ನಿರ್ಧರಿಸಲಾರರು. ಹೊಲ, ಮನೆ, ಸಾಲದ ವ್ಯವಹಾರ ಮುಗಿಸಲಾರರು. ಮುನಿಸಿಕೊಂಡ ತಮ್ಮನನ್ನು ಕರೆಸಿ ಮಾತಾಡಲಾರರು. ಯಾತ್ರೆಯ ಹರಕೆ ತೀರಿಸಲಾರರು. ಸಾವಿಗೆ ಸಿದ್ಧವಾಗುವುದನ್ನು ದೊಡ್ಡ ಸಾಧನೆಯೆಂದು ಎಣಿಸುವ ಧರ್ಮಗಳ ನಾಡಿನಲ್ಲಿ ಆ ಸಿದ್ಧತೆಯ ಅವಕಾಶವನ್ನೇ ಕಸಿಯುವುದು ಸಣ್ಣ ಅಪಚಾರವಲ್ಲ.

ಹೇಳುವ ಬಗೆ

ಹೇಗೆ ಹೇಳಬೇಕು ಎಂಬುದಕ್ಕೆ ಈಗ ಕಲಿಸಬಹುದಾದ ಕ್ರಮವಿದೆ. ವಾಲ್ಟರ್ ಬೇಯ್ಲ್, ರಾಬರ್ಟ್ ಬಕ್‌ಮನ್ ಮತ್ತು ಸಂಗಡಿಗರು 2000ದಲ್ಲಿ ‘ಸ್ಪೈಕ್ಸ್’ ಎಂಬ ಆರು ಹೆಜ್ಜೆಗಳ ವಿಧಾನವನ್ನು ಮುಂದಿಟ್ಟರು. ಮೊದಲು ಗದ್ದಲವಿಲ್ಲದ ಜಾಗದಲ್ಲಿ ಕೂರಬೇಕು. ರೋಗಿಗೆ ಈಗಾಗಲೇ ಏನು ಗೊತ್ತಿದೆ ಎಂದು ಕೇಳಬೇಕು. ಎಷ್ಟು ತಿಳಿಯಲು ಇಷ್ಟವಿದೆ ಎಂದು ವಿಚಾರಿಸಬೇಕು. ಬಳಿಕ ಸರಳ ಮಾತಿನಲ್ಲಿ, ತುಸುತುಸುವಾಗಿ ವಿಷಯ ತಿಳಿಸಬೇಕು. ಅಳು, ಸಿಟ್ಟು, ಮೌನ ಏನು ಬಂದರೂ ಅದಕ್ಕೆ ಸ್ಪಂದಿಸಬೇಕು. ಕೊನೆಗೆ ಮುಂದೇನು ಮಾಡುವುದೆಂದು ಜೊತೆಗೂಡಿ ಯೋಚಿಸಬೇಕು.

ಈ ಆರರಲ್ಲಿ ಮೂರನೆಯ ಹೆಜ್ಜೆ ಕುಟುಂಬಕೇಂದ್ರಿತ ಸಮಾಜಗಳಿಗೆ ಬಹಳ ಮುಖ್ಯ. ತಿಳಿಯುವ ಹಕ್ಕಿನೊಳಗೆ ತಿಳಿಯದಿರುವ ಹಕ್ಕೂ ಸೇರಿದೆ. ‘ನನಗೇನೂ ಹೇಳಬೇಡಿ, ಎಲ್ಲ ಮಗಳ ಹತ್ತಿರ ಮಾತಾಡಿ’ ಎಂದು ಅಜ್ಜಿಯೊಬ್ಬರು ಹೇಳಿದರೆ ಅದು ಅವರದೇ ತೀರ್ಮಾನ, ಅದನ್ನು ಮನ್ನಿಸಬೇಕು. ಅವರನ್ನು ಕೇಳದೆ ಮಗಳೇ ಹಾಗೆ ತೀರ್ಮಾನಿಸಿದರೆ ಅದು ಬೇರೆ ಮಾತು.

ಭರವಸೆಗೂ ಸತ್ಯಕ್ಕೂ ಹಗೆತನವಿಲ್ಲ. ಗುಣವಾಗುವ ಆಸೆ ಕಮರಿದ ಮೇಲೂ ನೋವಿಲ್ಲದೆ ಇರುವ ಆಸೆ, ಮನೆಯಲ್ಲೇ ಕೊನೆಯುಸಿರೆಳೆಯುವ ಆಸೆ, ಮೊಮ್ಮಗನ ನಾಮಕರಣ ನೋಡುವ ಆಸೆ ಉಳಿದಿರುತ್ತವೆ. ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ತೆರೆದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ನಡೆಸುವ ಕರುಣಾಶ್ರಯ ಇಂಥ ಆಸೆಗಳನ್ನು ಈಡೇರಿಸಲೆಂದೇ ಇರುವ ಸಂಸ್ಥೆಗಳು. ‘ಇನ್ನು ಮೂರೇ ತಿಂಗಳು’ ಎಂದು ಗಡುವು ಕೊಡುವುದು ಕೂಡ ಸತ್ಯವಲ್ಲ, ಏಕೆಂದರೆ ಆಯಸ್ಸನ್ನು ಅಷ್ಟು ನಿಖರವಾಗಿ ಯಾವ ವೈದ್ಯರೂ ಅರಿಯರು. ಅರಿಯದ್ದನ್ನು ಅರಿಯೆವೆಂದು ಹೇಳುವುದೂ ಸತ್ಯದ ಭಾಗ.

ಸಂಸ್ಥೆ, ಕಾನೂನು, ತಂತ್ರಜ್ಞಾನ

ಭಾರತದ ನಿಯಮಗಳು ಇನ್ನೂ ಎರಡು ದೋಣಿಗಳಲ್ಲಿ ಕಾಲಿಟ್ಟಿವೆ. ವೈದ್ಯಕೀಯ ಮಂಡಳಿಯ 2002ರ ನೀತಿಸಂಹಿತೆ ಕಾಯಿಲೆಯ ಗಂಭೀರತೆಯನ್ನು ಹಿಗ್ಗಿಸಲೂ ಬಾರದು, ಕುಗ್ಗಿಸಲೂ ಬಾರದು ಎನ್ನುತ್ತದೆ. ಆದರೆ ರೋಗಿಗೋ ಬಂಧುಗಳಿಗೋ ತಿಳಿದಿದ್ದರೆ ಸಾಕು ಎಂಬ ಎಡೆಯನ್ನೂ ಬಿಡುತ್ತದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ರೋಗಿಯ ಪರ ನಿಂತಿತು: ತೀರ್ಮಾನಿಸಬಲ್ಲ ವಯಸ್ಕ ರೋಗಿಯ ಒಪ್ಪಿಗೆಗೆ ತಾಯಿಯ ಒಪ್ಪಿಗೆ ಬದಲಿಯಾಗದು, ಸಾಕಷ್ಟು ಮಾಹಿತಿ ಕೊಟ್ಟು ಪಡೆದದ್ದೇ ಒಪ್ಪಿಗೆ. 2018ರಲ್ಲಿ ಅದೇ ನ್ಯಾಯಾಲಯ ಘನತೆಯ ಮರಣದ ಹಕ್ಕನ್ನೂ, ಕೊನೆಗಾಲದ ಚಿಕಿತ್ಸೆಯ ಬಗ್ಗೆ ಮೊದಲೇ ಬರೆದಿಡುವ ಇಚ್ಛಾಪತ್ರವಾದ ಲಿವಿಂಗ್ ವಿಲ್ ಅನ್ನೂ ಮಾನ್ಯ ಮಾಡಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದರ ಜಾರಿಗೆ ಆದೇಶ ಹೊರಡಿಸಿತು. ತನ್ನ ಕಾಯಿಲೆ ಏನೆಂದೇ ತಿಳಿಯದ ರೋಗಿಗೆ ಈ ಹಕ್ಕಿನಿಂದ ಆಗುವ ಪ್ರಯೋಜನ ಅತ್ಯಲ್ಪ.

ತಂತ್ರಜ್ಞಾನ ಈ ಪ್ರಶ್ನೆಯನ್ನು ಇನ್ನಷ್ಟು ತುರ್ತಿನದಾಗಿಸಿದೆ. ಬಯಾಪ್ಸಿ ವರದಿ ಈಗ ವೈದ್ಯರ ಮೇಜಿಗಿಂತ ಮೊದಲೇ ರೋಗಿಯ ಮೊಬೈಲಿಗೆ ಬಂದು ಬೀಳಬಹುದು. ಇಂಗ್ಲಿಷಿನ ಆ ವರದಿಯನ್ನು ಗೂಗಲ್‌ನಲ್ಲಿ ಹುಡುಕಿದವರಿಗೆ ಸಿಗುವುದು ಬರೀ ಅಂಕಿಅಂಶ. ಪಕ್ಕದಲ್ಲಿ ಕೂತು ಅರ್ಥ ಹೇಳುವವರಿಲ್ಲ. ಮನೆಯವರು ಕಟ್ಟುವ ಮೌನದ ಗೋಡೆಯನ್ನು ಒಂದು ಪಿಡಿಎಫ್ ಕಡತ ಒಡೆಯಬಲ್ಲದು, ಅದೂ ಅತ್ಯಂತ ನಿರ್ದಯವಾಗಿ. ಹಾಗಾಗಿ ಹೊಣೆ ಒಬ್ಬ ವೈದ್ಯರ ಒಳ್ಳೆಯತನಕ್ಕೆ ಬಿಟ್ಟದ್ದಾಗಬಾರದು. ವರದಿ ಯಾರ ಮೂಲಕ, ಯಾವಾಗ, ರೋಗಿಯ ಯಾವ ಭಾಷೆಯಲ್ಲಿ ತಲುಪಬೇಕು ಎಂಬುದನ್ನು ಆಸ್ಪತ್ರೆಯೇ ಗೊತ್ತುಮಾಡಬೇಕು. ವೈದ್ಯರು, ನರ್ಸುಗಳು, ಕೌನ್ಸೆಲರ್‌ಗಳು ಒಂದೇ ಮಾತಾಡುವಂತಿರಬೇಕು. ಕಿಕ್ಕಿರಿದ ಹೊರರೋಗಿ ವಿಭಾಗದಲ್ಲೂ ಇಂಥ ಮಾತಿಗೆಂದು ಒಂದು ಕೋಣೆ, ಒಂದಿಷ್ಟು ಸಮಯ ಮೀಸಲಿರಬೇಕು.

ಸತ್ಯವನ್ನು ಹೇಳಿ ಎದ್ದುಹೋಗುವುದು ಕ್ರೌರ್ಯ. ಜೊತೆಗಿದ್ದೂ ಸುಳ್ಳು ಹೇಳುವುದು ವಂಚನೆ. ರೋಗಿಯನ್ನು ಕೇಳಿ, ಅವರು ಬಯಸುವಷ್ಟು ನಿಜವನ್ನು ತಿಳಿಸಿ, ಕೊನೆಯವರೆಗೆ ಕೈಬಿಡದಿರುವುದೇ ಧರ್ಮ. ವೈದ್ಯರಿಗೂ ಮನೆಯವರಿಗೂ ಇದರಲ್ಲಿ ಸಮಪಾಲಿದೆ.